ಕೂರುತ್ತದೆ ಸರಿ, ಹೊಂದುತ್ತದೆಯಾ? ಡಾಟ್ಸನ್ ಝಡ್‌ಗೆ ಬೆರಕೆ ಎಂಜಿನ್ ಆರಿಸುವಾಗ

ಡಾಟ್ಸನ್ ಝಡ್ ಅಂದರೆ ನಿಸ್ಸಾನ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು; ಬೆರಕೆ ಎಂಜಿನ್ ಅಂದರೆ ಬೇರೆ ಬೇರೆ ಎಂಜಿನ್‌ಗಳ ಭಾಗ ಕೂಡಿಸಿ ಕಟ್ಟಿದ್ದು. ಈ ಕಾರುಗಳಲ್ಲಿದ್ದ ನಿಸ್ಸಾನ್‌ನ ಎಲ್ ಸರಣಿಯ ಆರು ಸಿಲಿಂಡರ್ ಎಂಜಿನ್‌ಗಳ ದೊಡ್ಡ ಗುಣವೂ ಅದೇ, ದೊಡ್ಡ ತಲೆನೋವೂ ಅದೇ: ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. 1970ರ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ತಂದು 1983ರ ಬ್ಲಾಕಿನ (ಸಿಲಿಂಡರ್‌ಗಳಿರುವ ಕೆಳಭಾಗ) ಮೇಲಿಟ್ಟರೆ ಬೋಲ್ಟ್‌ಗಳು ಸಲೀಸಾಗಿ ಇಳಿಯುತ್ತವೆ. ಡೀಸೆಲ್ ಎಂಜಿನ್ನಿನ ಕ್ರ್ಯಾಂಕನ್ನು (ಪಿಸ್ಟನ್‌ಗಳ ಏರಿಳಿತಕ್ಕೆ ತಿರುಗುವ ದಂಡ) ಪೆಟ್ರೋಲ್ ಬ್ಲಾಕಿನಲ್ಲಿ ಮಲಗಿಸಬಹುದು. ಹೀಗಿದ್ದಾಗ ಹಳೆಯ 240ಝಡ್ ಇಟ್ಟುಕೊಂಡವರಿಗೆ ಕೈ ತುರಿಸದೆ ಇರುತ್ತದೆಯೇ?

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಬೋಲ್ಟ್ ಇಳಿಯಿತು ಎಂದು ಖುಷಿಪಟ್ಟು ಜೋಡಿಸಿ, ಆಮೇಲೆ ಮೊದಲಿಗಿಂತ ಸೋಮಾರಿಯಾದ ಎಂಜಿನ್ ಮುಂದೆ ತಲೆ ಕೆರೆದುಕೊಂಡು ನಿಂತವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ. ಹಾಗಾಗಿ ಯಾವ ಜೋಡಿ ಜಾಸ್ತಿ ಪವರ್ ಕೊಡುತ್ತದೆ ಎಂಬ ಪಟ್ಟಿಯನ್ನು ಇಲ್ಲಿ ಕೊಡುತ್ತಿಲ್ಲ. ಯಾವ ಜೋಡಿ ಯಾಕೆ ಹೊಂದುತ್ತದೆ, ಯಾವುದು ಸುಮ್ನೆ ಕೂರುತ್ತದೆ ಅಷ್ಟೇ ಎಂಬುದನ್ನು ನೋಡೋಣ.

ಮನೆಮಂದಿಯ ಪರಿಚಯ

1970ರಿಂದ 1973ರವರೆಗಿನ 240ಝಡ್‌ನಲ್ಲಿ ಇದ್ದದ್ದು ಎಲ್24. ಬೋರ್ (ಸಿಲಿಂಡರಿನ ಅಗಲ) 83 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 73.7 ಮಿ.ಮೀ., ಒಟ್ಟು 2393 ಸಿಸಿ. 1974ರ 260ಝಡ್‌ಗೆ ಎಲ್26 ಬಂತು. ಬೋರ್ ಅದೇ 83, ಸ್ಟ್ರೋಕ್ ಮಾತ್ರ 79. ಅಮೆರಿಕದಲ್ಲಿ 1975ರಿಂದ ಮಾರಿದ 280ಝಡ್‌ಗೂ ಅದರ ನಂತರದ 280ಝಡ್‌ಎಕ್ಸ್‌ಗೂ ಹಾಕಿದ್ದು ಎಲ್28. ಅದರ ಬೋರ್ 86, ಸ್ಟ್ರೋಕ್ 79, ಅಳತೆ 2753 ಸಿಸಿ. 1981ರಿಂದ 1983ರವರೆಗೆ ಇದೇ ಎಲ್28ರ ಟರ್ಬೊ ಅವತಾರವೂ ಇತ್ತು, ಹೆಸರು ಎಲ್28ಇಟಿ, 180 ಅಶ್ವಶಕ್ತಿ. ಇವರ ಡೀಸೆಲ್ ದಾಯಾದಿ ಎಲ್‌ಡಿ28. ಅದರ ಸ್ಟ್ರೋಕ್ 83 ಮಿ.ಮೀ. ಈ ಒಂದು ಅಂಕಿಗಾಗಿಯೇ ಝಡ್ ಮಂದಿ ಅದರ ಹಿಂದೆ ಬಿದ್ದಿದ್ದಾರೆ.

ಹೆಡ್‌ಗಳನ್ನು ಗುರುತಿಸುವುದು ಎರಕದಲ್ಲೇ ಮೂಡಿರುವ ಗುರುತಿನಿಂದ. ಚೇಂಬರ್ ಎಂದರೆ ಹೆಡ್ಡಿನಲ್ಲಿ ಪೆಟ್ರೋಲ್ ಮಿಶ್ರಣ ಉರಿಯುವ ಗುಳಿ, ಎಕ್ಸಾಸ್ಟ್ ಪೋರ್ಟ್ ಎಂದರೆ ಹೊಗೆ ಹೊರಹೋಗುವ ದಾರಿ. ಮುಖ್ಯವಾದವು ಇವು:

ಇ31: ಮೊದಮೊದಲ 240ಝಡ್‌ನದು. ಚೇಂಬರ್ 42.4 ಸಿಸಿ. ವಾಲ್ವ್ ಒಳಕ್ಕೆ 42, ಹೊರಕ್ಕೆ 33 ಮಿ.ಮೀ. ಎಕ್ಸಾಸ್ಟ್ ಪೋರ್ಟ್ ಚೌಕ.
ಎನ್42: ಮೊದಲ 280ಝಡ್‌ನದು. ಚೇಂಬರ್ 44.6 ಸಿಸಿ. ವಾಲ್ವ್ 44 ಮತ್ತು 35. ಪೋರ್ಟ್ ಚೌಕ.
ಎನ್47: ಕೊನೆಯ 280ಝಡ್‌ನದು. ಚೇಂಬರ್ ಎನ್42ರಷ್ಟೇ. ಎಕ್ಸಾಸ್ಟ್ ಪೋರ್ಟ್ ದುಂಡಗೆ, ಒಳಗೆ ಲೋಹದ ಕವಚ.
ಪಿ79: 280ಝಡ್‌ಎಕ್ಸ್‌ನದು. ಚೇಂಬರ್ 53.6 ಸಿಸಿ. ಪೋರ್ಟ್ ದುಂಡಗೆ, ಕವಚ ಇದೆ.
ಪಿ90: ಟರ್ಬೊದ್ದು. ಚೇಂಬರ್ ಪಿ79ರಂತೆಯೇ, ಪೋರ್ಟ್ ಮಾತ್ರ ಚೌಕ.

ನಡುವೆ ಇ88 ಅಂತಲೂ ಒಂದಿದೆ. ಆ ಒಂದೇ ಗುರುತಿನಲ್ಲಿ ಒಂದಕ್ಕಿಂತ ಜಾಸ್ತಿ ಬಗೆಯ ಚೇಂಬರ್‌ಗಳು ಬಂದಿವೆ. ಹಾಗಾಗಿ ಇ88 ಎಂದು ಯಾರಾದರೂ ಮಾರಲು ಬಂದರೆ ಚೇಂಬರ್ ಅಳೆಯದೆ ಮಾತಾಡಬೇಡಿ.

ಬ್ಲಾಕ್‌ನಲ್ಲಿ ಎರಡು ಹೆಸರು ಸಾಕು: ಎನ್42 ಮತ್ತು ಎಫ್54. ಹೌದು, ಎನ್42 ಎಂಬ ಗುರುತು ಹೆಡ್‌ಗೂ ಇದೆ, ಬ್ಲಾಕ್‌ಗೂ ಇದೆ. ಅರ್ಧ ಗೊಂದಲ ಶುರುವಾಗುವುದೇ ಅಲ್ಲಿ. "ನನ್ನದು ಎನ್42" ಎಂದರೆ ಯಾವುದು ಅಂತ ಕೇಳಿ. ಎಫ್54 ಆಮೇಲೆ ಬಂದದ್ದು. ಸಿಲಿಂಡರ್‌ಗಳ ನಡುವಿನ ಗೋಡೆ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಅದು ಗಟ್ಟಿ.

ಸ್ಪ್ಯಾನರ್ ಎತ್ತುವ ಮೊದಲು ಪೆನ್ಸಿಲ್

ಬೆರಕೆ ಎಂಜಿನ್ ಎಂದರೆ ಮೊದಲಿಗೆ ಕೂಡಿಸುವ ಲೆಕ್ಕ. ಬ್ಲಾಕಿನ ಎತ್ತರ, ಅಂದರೆ ಕ್ರ್ಯಾಂಕಿನ ನಡುವಿನಿಂದ ಮೇಲಿನ ಮಟ್ಟದವರೆಗೆ, ಎಲ್24ರಿಂದ ಎಲ್28ರವರೆಗೆ ಸುಮಾರು 207.85 ಮಿ.ಮೀ. ಅದರೊಳಗೆ ಮೂರು ಸಂಗತಿ ಹಿಡಿಸಬೇಕು: ಸ್ಟ್ರೋಕ್‌ನ ಅರ್ಧ, ಕನೆಕ್ಟಿಂಗ್ ರಾಡ್‌ನ ಉದ್ದ, ಪಿಸ್ಟನ್‌ನಲ್ಲಿ ಪಿನ್ನಿನಿಂದ ತಲೆಯವರೆಗಿನ ಎತ್ತರ.

ಎಲ್28ಕ್ಕೆ ಹಾಕಿ ನೋಡಿ. 39.5 ಕೂಡಿಸು 130.2 ಕೂಡಿಸು 38.1, ಒಟ್ಟು 207.8. ಸರಿಯಾಗಿ ಹಿಡಿಸಿತು. ಎಲ್24ರಲ್ಲಿ ಸ್ಟ್ರೋಕ್ ಗಿಡ್ಡ, ಆದ್ದರಿಂದ ರಾಡ್ ಉದ್ದ: 133 ಮಿ.ಮೀ. ಅಲ್ಲೂ ಮೊತ್ತ ಹತ್ತಿರ ಹತ್ತಿರ ಅಷ್ಟೇ.

ಈಗ ಆಸೆ ಬಿದ್ದು ಎಲ್28 ಬ್ಲಾಕಿಗೆ ಡೀಸೆಲ್ ಕ್ರ್ಯಾಂಕ್ ಮಲಗಿಸಿ, ಮಿಕ್ಕಿದ್ದೆಲ್ಲ ಹಾಗೇ ಇಟ್ಟಿರಿ ಅಂದುಕೊಳ್ಳಿ. 41.5 ಕೂಡಿಸು 130.2 ಕೂಡಿಸು 38.1, ಒಟ್ಟು 209.8. ಪಿಸ್ಟನ್ ಬ್ಲಾಕಿನಿಂದ ಎರಡು ಮಿ.ಮೀ. ಹೊರಗೆ ತಲೆ ಹಾಕುತ್ತದೆ. ಅಲ್ಲಿಗೆ ಆಟ ಮುಗಿಯಿತು. ಸರಿ, ನಿಸ್ಸಾನ್‌ನದೇ ಇನ್ನೊಂದು ಎಂಜಿನ್ನಾದ ಕೆಎ24ಇಯ 89 ಮಿ.ಮೀ. ಪಿಸ್ಟನ್ ಹಾಕೋಣ, ಅದರ ಪಿನ್ ಎತ್ತರ ಸುಮಾರು 34. ಆಗ ಮೊತ್ತ 205.7. ಈ ಸಲ ಎರಡು ಮಿ.ಮೀ. ಕೆಳಗೇ ನಿಂತುಬಿಟ್ಟಿತು. ಅದೇ ಪಿಸ್ಟನ್‌ಗೆ ಎಲ್24ರ 133 ಮಿ.ಮೀ. ರಾಡ್ ಹಾಕಿ: 208.5. ಬ್ಲಾಕಿನಿಂದ 0.65 ಮಿ.ಮೀ. ಮೇಲೆ. ಹೆಡ್ ಗ್ಯಾಸ್ಕೆಟ್ಟಿನ ದಪ್ಪದಲ್ಲಿ ಇದನ್ನು ಸರಿದೂಗಿಸಬಹುದು. ಅತಿ ದೊಡ್ಡ ಎಂಜಿನ್ನಿಗೆ ಅತಿ ಚಿಕ್ಕ ಎಂಜಿನ್ನಿನ ರಾಡ್ ಯಾಕೆ ಬೇಕು ಎಂಬುದು ಈ ಲೆಕ್ಕ ಬರೆದ ಮೇಲೆಯೇ ಗೊತ್ತಾಗುವುದು.

ಎರಡನೆಯದು ಕಂಪ್ರೆಷನ್ ಲೆಕ್ಕ, ಅಂದರೆ ಪಿಸ್ಟನ್ ಕೆಳಗಿನಿಂದ ಮೇಲೆ ಬಂದಾಗ ಒಳಗಿನ ಜಾಗ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು. ಎಲ್28ರ ಒಂದು ಸಿಲಿಂಡರ್ ಸುಮಾರು 459 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಎಂದರೆ ಹೆಡ್ಡಿನ ಚೇಂಬರ್, ಗ್ಯಾಸ್ಕೆಟ್ಟಿನ ದಪ್ಪದಲ್ಲಿರುವ ಸುಮಾರು 7.3 ಸಿಸಿ, ಪಿಸ್ಟನ್ ತಲೆಯಲ್ಲಿ ಕುಳಿ ಇದ್ದರೆ ಅದು. 280ಝಡ್‌ನ ಪಿಸ್ಟನ್‌ಗೆ 10.9 ಸಿಸಿ ಕುಳಿ ಇದೆ. ಎನ್42 ಹೆಡ್ ಜೊತೆ ಕೂಡಿಸಿದರೆ 62.8 ಸಿಸಿ, ಅಂದರೆ 8.3. ಕಾರ್ಖಾನೆ ಕೊಟ್ಟ ಅಂಕಿಯೂ ಅದೇ.

ಈಗ ಅದೇ ಕುಳಿ ಪಿಸ್ಟನ್ ಮೇಲೆ ಪಿ79 ಹೆಡ್ ಹಾಕಿ. "ಹೊಸದು, ಸುಧಾರಿಸಿದ್ದು" ಅಂತ ಎಷ್ಟೋ ಜನ ಹಾಕುತ್ತಾರೆ. ಉಳಿಯುವ ಜಾಗ 71.8 ಸಿಸಿ, ಕಂಪ್ರೆಷನ್ 7.4. ಇದು ಎಲ್28ಇಟಿ ಟರ್ಬೊದ ಕಂಪ್ರೆಷನ್. ಟರ್ಬೊ ಮಾತ್ರ ಇಲ್ಲ! ನಾನು ಮೊದಲ ಸಲ ಮಾಡಿದ ತಪ್ಪು ಇದೇ. ಗಾಡಿ ಸ್ಟಾರ್ಟ್ ಆಯಿತು, ನಯವಾಗಿ ಓಡಿತು, ಏರು ಬಂದಾಗ ಮಾತ್ರ ಮುನಿಸಿಕೊಂಡು ನಿಂತಿತು. ಒಂದು ತಿಂಗಳು ಕಾರ್ಬುರೇಟರ್‌ಗಳನ್ನು ಬೈದುಕೊಂಡೆ. ಪಾಪ, ಅವುಗಳ ತಪ್ಪೇನೂ ಇರಲಿಲ್ಲ.

ಮೂರನೆಯದು ಪಿಸ್ಟನ್ ತಲೆಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವಿನ ಸಂದು. ಮುಂದೆ ಪಿ90 ವಿಷಯ ಬಂದಾಗ ಇದು ಬೇಕಾಗುತ್ತದೆ.

ಆಯ್ಕೆ ಒಂದು: ಇಡೀ ಎಲ್28

ಬೆರಕೆಯೇ ಅಲ್ಲದ ಬೆರಕೆ ಇದು. 280ಝಡ್‌ನ ಎಂಜಿನ್ನನ್ನು ಹಾಗೇ ಎತ್ತಿ, ನಿಮ್ಮ 240ಝಡ್‌ನ ಮೌಂಟ್, ಕಾರ್ಬುರೇಟರ್, ಎಕ್ಸಾಸ್ಟ್ ಹಾಕಿ ಇಳಿಸುವುದು. 360 ಸಿಸಿ ಜಾಸ್ತಿ ಸಿಗುತ್ತದೆ, ಅಂದರೆ ನೂರಕ್ಕೆ ಹದಿನೈದು. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿ ಬರುತ್ತದೆ. ಎಸ್‌ಯು ಮಾದರಿಯ ದುಂಡು ತಲೆಯ ಹಿಟಾಚಿ ಕಾರ್ಬುರೇಟರ್‌ಗಳು ಇದನ್ನು ಸಾಕುತ್ತವೆ, ಸೂಜಿ ಮಾತ್ರ ಬದಲಿಸಬೇಕಾಗಬಹುದು. 1973ರಲ್ಲಿ ಬಂದ ಚಪ್ಪಟೆ ತಲೆಯವು ಇದ್ದರೆ ಮೊದಲು ಅವುಗಳಿಗೆ ವಿದಾಯ ಹೇಳಿ.

ಗಮನಿಸಬೇಕಾದದ್ದು ಪೆಟ್ರೋಲ್ ಪಂಪ್. 280ಝಡ್ ಇಂಜೆಕ್ಷನ್ ಗಾಡಿ. ಅದರ ಪೆಟ್ರೋಲ್ ಒತ್ತಡ ಸುಮಾರು 36 ಪಿಎಸ್‌ಐ. ಕಾರ್ಬುರೇಟರ್‌ಗೆ ಮೂರೂವರೆ ನಾಲ್ಕು ಸಾಕು. ಜಾಸ್ತಿ ಕೊಟ್ಟರೆ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಉಕ್ಕುತ್ತದೆ. ಹೆಡ್ಡಿನಲ್ಲಿ ಮೆಕ್ಯಾನಿಕಲ್ ಪಂಪ್ ಕೂರಿಸಲು ಜಾಗ ಇಲ್ಲದಿದ್ದರೆ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿ.

ಇದರ ಬಗ್ಗೆ ಇನ್ನೇನೂ ಹೇಳಬೇಕಿಲ್ಲ. ಗಾಡಿಯನ್ನು ದಿನಾ ಓಡಿಸುವವರು ಇಲ್ಲಿಗೇ ಓದು ನಿಲ್ಲಿಸಿ ಕೆಲಸ ಶುರು ಮಾಡಿದರೂ ನಷ್ಟವಿಲ್ಲ.

ಆಯ್ಕೆ ಎರಡು: ಇರುವ ಎಲ್24ಕ್ಕೆ ದೊಡ್ಡ ಹೆಡ್

ದೊಡ್ಡ ವಾಲ್ವ್ ಎಂದರೆ ಜಾಸ್ತಿ ಉಸಿರು, ಅಲ್ವಾ? ಹಾಗೆಂದು ಎಲ್24 ಬ್ಲಾಕಿಗೆ ಎನ್42 ಹೆಡ್ ತಂದು ಹಾಕುತ್ತಾರೆ. ಎರಡು ತೊಂದರೆ. 44 ಮಿ.ಮೀ. ವಾಲ್ವ್ 86 ಮಿ.ಮೀ. ಬೋರಿಗಾಗಿ ಮಾಡಿದ್ದು. 83ರ ಬೋರಿನಲ್ಲಿ ಅದು ಸಿಲಿಂಡರ್ ಅಂಚಿಗೆ ತೀರಾ ಹತ್ತಿರ ಬರುತ್ತದೆ. ಲಿಫ್ಟ್ ಜಾಸ್ತಿ ಇರುವ, ಅಂದರೆ ವಾಲ್ವನ್ನು ಜಾಸ್ತಿ ತಳ್ಳುವ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಹಾಕಿದರೆ ಅಂಚನ್ನು ಕೊರೆದು ಜಾಗ ಮಾಡಬೇಕು. ಇನ್ನೊಂದು, ಚೇಂಬರ್ ದೊಡ್ಡದಾಯಿತು, ಸಿಲಿಂಡರ್ ಚಿಕ್ಕದೇ ಉಳಿಯಿತು. ಮೊದಲಿದ್ದ 9ರ ಕಂಪ್ರೆಷನ್ ಕೆಳಗಿಳಿಯುತ್ತದೆ. ಖರ್ಚು ಮಾಡಿ ಕಳೆದುಕೊಂಡ ಹಾಗೆ. ಎಲ್24ನ್ನೇ ಉಳಿಸಿಕೊಳ್ಳುವ ಆಸೆ ಇದ್ದರೆ ಇ31 ಹೆಡ್ಡನ್ನೇ ಚೆನ್ನಾಗಿ ರಿಪೇರಿ ಮಾಡಿಸಿ, ಒಳ್ಳೆಯ ಕ್ಯಾಮ್ ಹಾಕಿಸಿ. ನಾನಂತೂ ಎನ್42 ಕಡೆ ಹೋಗುವುದಿಲ್ಲ.

ಆಯ್ಕೆ ಮೂರು: ಎಲ್28 ಮೇಲೆ ಇ31

ಇದಕ್ಕೊಂದು ದಂತಕಥೆಯೇ ಇದೆ. ಇ31 ಸಿಕ್ಕಿತು ಎಂದರೆ ನಿಧಿ ಸಿಕ್ಕಿತು ಎಂಬ ಹಾಗೆ ಮಾತಾಡುತ್ತಾರೆ. ಕುಳಿ ಪಿಸ್ಟನ್‌ನ ಎಲ್28 ಮೇಲೆ ಅದನ್ನು ಹಾಕಿದರೆ ಕಂಪ್ರೆಷನ್ 8.3ರಿಂದ ಸುಮಾರು 8.6ಕ್ಕೆ ಏರುತ್ತದೆ, ಅಷ್ಟೇ. ವಾಲ್ವ್ ಚಿಕ್ಕದು, ಹಾಗಾಗಿ ಮೇಲಿನ ಆರ್‌ಪಿಎಂನಲ್ಲಿ ಉಸಿರು ಸಾಲದು. ದೊಡ್ಡ ವಾಲ್ವ್ ಹಾಕಿಸಿ, ಪೋರ್ಟ್ ಕೆಲಸ ಮಾಡಿಸಿದರೆ ಚೆನ್ನಾಗಿಯೇ ಓಡುತ್ತದೆ. ಆದರೆ ಅಷ್ಟು ಖರ್ಚಿಗೆ ಎನ್42 ಹೆಡ್ಡೇ ಬರುತ್ತದಲ್ಲ! ಇ31 ಅಪರೂಪದ್ದು. ಅದನ್ನು ಕಾರ್ಖಾನೆಯ ಸ್ಥಿತಿಯಲ್ಲಿ ಗಾಡಿ ಇಡಬೇಕೆಂದಿರುವವರಿಗೆ ಬಿಟ್ಟುಕೊಡುವುದು ಒಳ್ಳೆಯದು.

ಆಯ್ಕೆ ನಾಲ್ಕು: ಚಪ್ಪಟೆ ಪಿಸ್ಟನ್‌ನ ಎಫ್54, ಮೇಲೆ ಎನ್42 ಅಥವಾ ಪಿ90

ನಿಜವಾದ ಜಗಳ ಇರುವುದು ಇಲ್ಲಿ. ಹಳೆಯ ಝಡ್ ಇರುವ ಇಬ್ಬರು ಭೇಟಿಯಾದರೆ ಕಾಲು ಗಂಟೆಯೊಳಗೆ ಮಾತು ಇದಕ್ಕೇ ಬರುತ್ತದೆ.

1981ರಿಂದ 1983ರ ನಡುವಿನ ಟರ್ಬೊ ಇಲ್ಲದ 280ಝಡ್‌ಎಕ್ಸ್‌ನಲ್ಲಿ ಎಫ್54 ಬ್ಲಾಕ್, ಅದರಲ್ಲಿ ಚಪ್ಪಟೆ ತಲೆಯ ಪಿಸ್ಟನ್, ಮೇಲೆ ಪಿ79 ಹೆಡ್. ಕಂಪ್ರೆಷನ್ 8.8. ಎಚ್ಚರ: ಟರ್ಬೊ ಗಾಡಿಯ ಬ್ಲಾಕೂ ಎಫ್54 ಆದರೂ ಅದರೊಳಗಿರುವುದು ಕುಳಿ ಪಿಸ್ಟನ್. ಗುರುತು ನೋಡಿ ಕೊಂಡರೆ ಸಾಲದು. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟಾದರೂ ಪಿಸ್ಟನ್ ನೋಡಿ.

ಚಪ್ಪಟೆ ಪಿಸ್ಟನ್ ಮೇಲೆ ಎನ್42 ಹೆಡ್ ಹಾಕುವುದು ಅಗ್ಗದ ದಾರಿ. ಮಷೀನ್ ಕೆಲಸ ಇಲ್ಲ, ಗ್ಯಾಸ್ಕೆಟ್ ಬದಲಿಸಿ ಬೋಲ್ಟ್ ಬಿಗಿದರೆ ಮುಗಿಯಿತು. ಪಿಸ್ಟನ್ ಬ್ಲಾಕಿನ ಮಟ್ಟಕ್ಕೆ ಸರಿಯಾಗಿ ನಿಂತರೆ ಕಂಪ್ರೆಷನ್ 9.8. ಅರ್ಧ ಮಿ.ಮೀ. ಮೇಲೆ ಬಂದರೆ 10.4. ಈ ಅರ್ಧ ಮಿ.ಮೀ. ಬಹಳ ಗಾಡಿಗಳಲ್ಲಿ ನಿಜವಾಗಿ ಇರುತ್ತದೆ, ಹಾಗಾಗಿ ಡಯಲ್ ಗೇಜ್ ಇಟ್ಟು ಅಳೆಯಿರಿ.

ತೊಂದರೆ ಏನೆಂದರೆ, ಎನ್42ರ ಚೇಂಬರ್ ತೆರೆದ ಬಟ್ಟಲಿನ ಹಾಗಿದೆ. ಪಿಸ್ಟನ್ ಮೇಲೆ ಬಂದಾಗ ಮಿಶ್ರಣವನ್ನು ಹಿಂಡಿ ಪ್ಲಗ್ ಕಡೆಗೆ ತಳ್ಳುವ ಚಪ್ಪಟೆ ಭಾಗ ಅದರಲ್ಲಿ ಇಲ್ಲ. ಉರಿ ಹರಡುವುದು ನಿಧಾನ. ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನೇ ನಾವು ನಾಕಿಂಗ್ ಅನ್ನುವುದು. ಹತ್ತರ ಮೇಲಿನ ಕಂಪ್ರೆಷನ್, ತೆರೆದ ಚೇಂಬರ್, ಮಾಮೂಲಿ ಪೆಟ್ರೋಲ್, ಬಿಸಿಲು, ನಾಲ್ಕನೇ ಗೇರಿನಲ್ಲಿ ಏರು: ಈ ಐದೂ ಸೇರಿದರೆ ಕಿಟಕಿಯ ಗಾಜಿಗೆ ಚಿಲ್ಲರೆ ಕಾಸು ಬಡಿದಂಥ ಸದ್ದು ಕೇಳುತ್ತದೆ. ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಹಿಂದಕ್ಕೆ ತಂದರೆ ಸದ್ದು ನಿಲ್ಲುತ್ತದೆ, ಗಳಿಸಿದ ಪವರ್ ಕೂಡ ಅದರ ಜೊತೆ ಹೋಗುತ್ತದೆ.

ಹಾಗಾದರೆ ಈ ಜೋಡಿ ಕೆಟ್ಟದ್ದೇ? ಅಲ್ಲ. ಜಾಸ್ತಿ ಹೊತ್ತು ತೆರೆದಿರುವ ಕ್ಯಾಮ್ ಹಾಕಿದರೆ ಕಥೆ ಬದಲಾಗುತ್ತದೆ. ಒಳಗಿನ ವಾಲ್ವ್ ತಡವಾಗಿ ಮುಚ್ಚುವುದರಿಂದ ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಮಿಶ್ರಣ ಹೊರಕ್ಕೇ ಹೋಗುತ್ತದೆ, ನಿಜವಾಗಿ ಹಿಂಡುವುದು ಕಡಿಮೆ ಆಗುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರು, ಒಳ್ಳೆಯ ಪೆಟ್ರೋಲ್ ಹಾಕುವವರು, ಮೂರು ಜೋಡಿ ಕಾರ್ಬುರೇಟರ್ ಇಟ್ಟವರು ಎನ್42ರಲ್ಲಿ ಖುಷಿಯಾಗಿದ್ದಾರೆ. ಕಾರ್ಖಾನೆಯ ಕ್ಯಾಮ್ ಇಟ್ಟುಕೊಂಡೇ ಎನ್42 ಹಾಕುವವರಿಗೆ ಮಾತ್ರ ಸದ್ದು ಕಟ್ಟಿಟ್ಟ ಬುತ್ತಿ.

ಈಗ ಪಿ90. ಅದರ ಚೇಂಬರ್‌ನಲ್ಲಿ ಹಿಂಡುವ ಚಪ್ಪಟೆ ಭಾಗ ಇದೆ. ಅದೂ ಪಿಸ್ಟನ್ ತಲೆಯೂ ಒಂದು ಮಿ.ಮೀ. ಆಸುಪಾಸಿಗೆ ಬಂದಾಗ ನಡುವಿನ ಮಿಶ್ರಣ ಚಿಮ್ಮಿ ಪ್ಲಗ್ ಕಡೆ ಹೋಗುತ್ತದೆ, ಉರಿ ಬೇಗ ಹರಡುತ್ತದೆ. ಸಂದು ಎರಡು ಮಿ.ಮೀ. ಆದರೆ ಈ ಲಾಭ ಇಲ್ಲ. ತೀರಾ ಕಡಿಮೆಯಾದರೆ ಜೋರು ಆರ್‌ಪಿಎಂನಲ್ಲಿ ರಾಡ್ ಹಿಗ್ಗಿ ಪಿಸ್ಟನ್ ಹೆಡ್ಡಿಗೆ ತಾಗುತ್ತದೆ. ಹಾಗೇ ಹಾಕಿದರೆ ಪಿ90 ಕಂಪ್ರೆಷನ್ 8.8 ಕೊಡುತ್ತದೆ. ಮಾಮೂಲಿ ಪೆಟ್ರೋಲಿನಲ್ಲಿ ನಿಶ್ಚಿಂತೆಯಿಂದ ಓಡುತ್ತದೆ, ಆದರೆ ಕೆರಳುವ ಸ್ವಭಾವ ಇಲ್ಲ.

ಅದಕ್ಕೇ ಅದನ್ನು ಸವೆಸುತ್ತಾರೆ. ಹೆಡ್ಡಿನ ತಳವನ್ನು ಸುಮಾರು ಎರಡು ಮಿ.ಮೀ. ತೆಗೆದರೆ ಚೇಂಬರ್ ಹೆಚ್ಚುಕಡಿಮೆ ಎನ್42ರಷ್ಟಾಗುತ್ತದೆ. ಕಂಪ್ರೆಷನ್ ಹತ್ತರ ಹತ್ತಿರ, ಹಿಂಡುವ ಭಾಗವೂ ಉಂಟು. ಕೇಳಲು ಎಷ್ಟು ಚೆಂದ! ಬೆಲೆ ತೆರುವುದು ಆಮೇಲೆ. ಹೆಡ್ ಕೆಳಗಿಳಿದ ಹಾಗೆ ಕ್ಯಾಮ್ ಕೂಡ ಕ್ರ್ಯಾಂಕಿಗೆ ಎರಡು ಮಿ.ಮೀ. ಹತ್ತಿರ ಬಂತು. ಟೈಮಿಂಗ್ ಚೈನ್ ಸಡಿಲ, ಕ್ಯಾಮ್ ಹಿಂದೆ ಬೀಳುತ್ತದೆ. ಆದ್ದರಿಂದ ಕ್ಯಾಮ್ ಕೂರುವ ಗೋಪುರಗಳ ಕೆಳಗೆ ಅಷ್ಟೇ ದಪ್ಪದ ಶಿಮ್ (ಎತ್ತರಿಸುವ ತಗಡು) ಇಟ್ಟು ಮೇಲೆತ್ತಬೇಕು. ಆ ಶಿಮ್‌ಗಳಲ್ಲಿ ಆಯಿಲ್ ಹೋಗುವ ತೂತು ಸರಿಯಾದ ಜಾಗದಲ್ಲಿ ಇದೆಯೇ ನೋಡಿಕೊಳ್ಳಿ. ಗೋಪುರ ಎತ್ತಿದಿರಿ, ಈಗ ವಾಲ್ವ್ ತುದಿಗೂ ಕ್ಯಾಮ್‌ಗೂ ದೂರ ಜಾಸ್ತಿ. ಅದನ್ನು ತುಂಬಲು ದಪ್ಪ ಲ್ಯಾಶ್ ಪ್ಯಾಡ್ (ವಾಲ್ವ್ ತುದಿಯ ಮೇಲೆ ಕೂರುವ ಬಿಲ್ಲೆ) ಬೇಕು. ರಾಕರ್ (ಕ್ಯಾಮ್ ಒತ್ತಿದಾಗ ವಾಲ್ವ್ ತೆರೆಸುವ ತೋಳು) ಮೇಲೆ ಕ್ಯಾಮ್ ಉಜ್ಜುವ ಗುರುತು ನಡುವೆ ಬರುವವರೆಗೆ ಪ್ಯಾಡ್ ಬದಲಿಸಿ ಬದಲಿಸಿ ನೋಡುವ ಕೆಲಸ ಅದು. ರಾಕರ್‌ಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಕೈಯಿಂದ ತಿರುಗಿಸಿ, ಎಲ್ಲಿ ಉಜ್ಜಿದೆ ಅಂತ ನೋಡುವುದು. ಹನ್ನೆರಡು ರಾಕರ್‌ಗೂ. ತಾಳ್ಮೆ ಇಲ್ಲದವರು ಈ ದಾರಿ ಹಿಡಿಯಬೇಡಿ.

ಇನ್ನೊಂದು ಮಾತು. ಪಿ90ರಲ್ಲಿ ಕೊನೆಯ ವರ್ಷಗಳ ಒಂದು ಬಗೆಗೆ ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಒತ್ತಡದಿಂದ ವಾಲ್ವ್ ಸಂದನ್ನು ತಾನೇ ಸರಿದೂಗಿಸುವಂಥದ್ದು) ಇದೆ, ಗುರುತು ಪಿ90ಎ. ಜೋರಾದ ಕ್ಯಾಮ್ ಹಾಕುವವರಿಗೆ ಅದು ಬೇಡ.

ಎರಡರಲ್ಲಿ ನನ್ನ ಮತ ಯಾವುದಕ್ಕೆ ಅಂದರೆ: ರಸ್ತೆಯಲ್ಲಿ ಓಡಿಸುವ ಗಾಡಿಗೆ, ಒಳ್ಳೆಯ ಮಷೀನ್ ಶಾಪ್ ಕೈಗೆ ಸಿಗುವುದಾದರೆ, ಸವೆಸಿದ ಪಿ90. ಮಷೀನ್ ಶಾಪ್ ಮೇಲೆ ನಂಬಿಕೆ ಇಲ್ಲದಿದ್ದರೆ ಪಿ90 ಹಾಗೇ ಹಾಕಿ, 8.8ರಲ್ಲಿ ಸಂತೋಷವಾಗಿರಿ. ಆಮೇಲೆ ಬೇಕಾದರೆ ಕ್ಯಾಮ್ ನೋಡಿಕೊಳ್ಳಬಹುದು.

ಆಯ್ಕೆ ಐದು: ಡೀಸೆಲ್ ಕ್ರ್ಯಾಂಕಿನ ಸ್ಟ್ರೋಕರ್

ಸ್ಟ್ರೋಕರ್ ಅಂದರೆ ಸ್ಟ್ರೋಕ್ ಉದ್ದ ಮಾಡಿದ ಎಂಜಿನ್. ಲೆಕ್ಕ ಆಗಲೇ ನೋಡಿದೆವು. ಎಫ್54 ಬ್ಲಾಕನ್ನು 89 ಮಿ.ಮೀ.ಗೆ ಬೋರ್ ಮಾಡಿಸಿ, ಎಲ್‌ಡಿ28 ಕ್ರ್ಯಾಂಕ್, ಎಲ್24 ರಾಡ್, ಕೆಎ24ಇ ಪಿಸ್ಟನ್ ಹಾಕಿದರೆ 3098 ಸಿಸಿ. ನಾಲ್ಕು ಎಂಜಿನ್ನಿನ ಭಾಗ ಒಂದರಲ್ಲಿ. ಇದರ ಎಳೆತ ಒಮ್ಮೆ ಅನುಭವಿಸಿದವರು ಬೇರೆ ಮಾತೇ ಆಡುವುದಿಲ್ಲ.

ಹೆಡ್ ಆರಿಸುವಾಗ ಮಾತ್ರ ಜೋಪಾನ. ಪಿಸ್ಟನ್ ತಲೆ ಚಪ್ಪಟೆ ಅಂದುಕೊಂಡು ಲೆಕ್ಕ ಹಾಕಿದರೆ ಎನ್42 ಹೆಡ್ ಜೊತೆ ಕಂಪ್ರೆಷನ್ 11.7 ಆಗುತ್ತದೆ. ರಸ್ತೆಗೆ ಆಗದ ಮಾತು. ಅದೇ ಪಿ90 ಸವೆಸದೆ ಹಾಕಿದರೆ 10ರಲ್ಲಿ ನಿಲ್ಲುತ್ತದೆ. ಎಲ್28 ಮೇಲೆ ಸಪ್ಪೆ ಎನಿಸಿದ ದೊಡ್ಡ ಚೇಂಬರ್ ಇಲ್ಲಿ ಹೇಳಿ ಮಾಡಿಸಿದ ಹಾಗೆ. ಗ್ಯಾಸ್ಕೆಟ್ 1.2 ಮಿ.ಮೀ. ಆದರೆ ಪಿಸ್ಟನ್ 0.65 ಮೇಲೆ ಬಂದು ಸಂದು ಬರೀ 0.55 ಉಳಿಯುತ್ತದೆ. ದಪ್ಪ ಗ್ಯಾಸ್ಕೆಟ್ ಹಾಕಿ ಅಥವಾ ಪಿಸ್ಟನ್ ತಲೆಯನ್ನು ಲೇತಿನಲ್ಲಿ ಸ್ವಲ್ಪ ತೆಗೆಸಿ.

ಬೋರ್ ಮಾಡಿಸುವ ಮೊದಲು ಸಿಲಿಂಡರ್ ಗೋಡೆಯ ದಪ್ಪವನ್ನು ಅಲ್ಟ್ರಾಸೌಂಡ್‌ನಿಂದ ಅಳೆಸಿ. ಮೂರು ಮಿ.ಮೀ. ಅಗಲಿಸುವುದು ಸಣ್ಣ ಮಾತಲ್ಲ. ಎರಕ ಒಳಗೆ ಸ್ವಲ್ಪ ಸರಿದಿದ್ದರೆ ಒಂದು ಕಡೆ ಗೋಡೆ ಹಪ್ಪಳವಾಗುತ್ತದೆ. ಮೊದಮೊದಲ ಎಲ್24 ರಾಡ್‌ಗಳ ಬೋಲ್ಟ್ 8 ಮಿ.ಮೀ., ಎಲ್28ರದು 9. ಹಳೆಯ ಬೋಲ್ಟ್ ಹಾಗೇ ಹಾಕಬೇಡಿ, ಗಟ್ಟಿಯವು ತನ್ನಿ. ಡೀಸೆಲ್ ಕ್ರ್ಯಾಂಕಿನ ಮೂತಿಯನ್ನು ಪೆಟ್ರೋಲ್ ಕ್ರ್ಯಾಂಕ್ ಪಕ್ಕ ಇಟ್ಟು ಅಳೆಯಿರಿ. ಚೈನ್ ಗೇರ್ ಮತ್ತು ಪುಲ್ಲಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆಯೇ ಎಂದು ಜೋಡಿಸುವ ಮೊದಲೇ ಖಚಿತ ಆಗಬೇಕು.

ಡೀಸೆಲ್ ಕ್ರ್ಯಾಂಕ್ ಹುಡುಕಲು ವರ್ಷಗಟ್ಟಲೆ ಬೇಕಾಗಬಹುದು. ಇತ್ತೀಚೆಗೆ ಇದೇ ಸ್ಟ್ರೋಕಿಗೆ ಹೊಸದಾಗಿ ಮಾಡಿದ ಕ್ರ್ಯಾಂಕ್, ಅದಕ್ಕೆ ಹೊಂದುವ ರಾಡ್ ಮತ್ತು ಪಿಸ್ಟನ್ ಸಿಗುತ್ತವೆ. ಅಪರೂಪದ ಹಳೆ ಕ್ರ್ಯಾಂಕಿಗೆ ಕೇಳುವ ಹಣ, ಅದರ ರಿಪೇರಿ, ಬೋಲ್ಟ್, ಎಲ್ಲ ಕೂಡಿಸಿದ ಮೇಲೆ ಹೊಸದನ್ನೂ ಒಮ್ಮೆ ವಿಚಾರಿಸಿ.

ಆಯ್ಕೆ ಆರು: ಎಲ್28ಇಟಿ

ಪವರ್ ಒಂದೇ ಗುರಿಯಾದರೆ ಕ್ರ್ಯಾಂಕು, ಹೆಡ್ಡು ಎಂದು ಒದ್ದಾಡುವುದಕ್ಕಿಂತ ಟರ್ಬೊ ಎಂಜಿನ್ನನ್ನೇ ಇಳಿಸುವುದು ಸುಲಭ. ಕಂಪ್ರೆಷನ್ 7.4, ಬ್ಲಾಕ್ ಗಟ್ಟಿ, ಹೆಡ್ ಪಿ90. ಆದರೆ ಅದರ ಕಂಪ್ಯೂಟರ್, ವೈರಿಂಗ್, ಇಂಜೆಕ್ಷನ್ ಎಲ್ಲ ಜೊತೆಯಲ್ಲೇ ಬರಬೇಕು. ಹಳೆಯ ವೈರಿಂಗ್ ಮುಟ್ಟಿದರೆ ಪುಡಿಯಾಗುವ ವಯಸ್ಸಿನದು, ಹಾಗಾಗಿ ಬಹಳ ಮಂದಿ ಹೊಸ ಕಂಪ್ಯೂಟರ್ ಹಾಕುತ್ತಾರೆ. ಮೆಕ್ಯಾನಿಕ್ ಕೆಲಸಕ್ಕಿಂತ ಎಲೆಕ್ಟ್ರಿಕ್ ಕೆಲಸ ಇಷ್ಟಪಡುವವರಿಗೆ ಇದು ಸರಿ. 240ಝಡ್‌ನ ಆರ್180 ಡಿಫರೆನ್ಷಿಯಲ್ ಇದಕ್ಕೆ ಚಿಕ್ಕದು. 280ಝಡ್‌ನ ಆರ್200 ಕೂಡ ಪಟ್ಟಿಗೆ ಸೇರಿಸಿಕೊಳ್ಳಿ.

ಯಾವುದನ್ನೇ ಆರಿಸಿ, ಗಾಡಿಯ ಜೊತೆ ಬಂದ ಎಲ್24ನ್ನು ಮಾರಬೇಡಿ. 240ಝಡ್‌ನ ಬಾನೆಟ್ ಕೆಳಗಿನ ಫಲಕದಲ್ಲಿ ಎಂಜಿನ್ ನಂಬರ್ ಕೂಡ ಇದೆ. ಎರಡೂ ತಾಳೆಯಾಗುವ ಗಾಡಿಗೆ ಬೆಲೆ ಬೇರೆ. ಎಣ್ಣೆ ಸವರಿ, ಮುಚ್ಚಿ, ಮೂಲೆಯಲ್ಲಿಡಿ.

ಸಣ್ಣ ಭಾಗಗಳ ದೊಡ್ಡ ಕಾಟ

ಹೆಡ್ ಬದಲಿಸಿದರೆ ಎಕ್ಸಾಸ್ಟ್ ಪೋರ್ಟಿನ ಆಕಾರ ನೋಡಿ. ದುಂಡು ಪೋರ್ಟಿಗೆ ಚೌಕದ ಮ್ಯಾನಿಫೋಲ್ಡ್ ಬಿಗಿಯಬಹುದು, ಸುಮ್ನೆ ಸೋರುತ್ತಿರುತ್ತದೆ.

ಕ್ಯಾಮ್, ರಾಕರ್ ಒಟ್ಟಿಗೆ ಸವೆದ ಜೋಡಿಗಳು. ಹಳೆ ಕ್ಯಾಮ್ ಉಳಿಸಿದರೆ ರಾಕರ್‌ಗಳನ್ನು ಅದೇ ಕ್ರಮದಲ್ಲಿ ಹಾಕಿ. ಹೊಸ ಕ್ಯಾಮ್‌ಗೆ ಹೊಸ ರಾಕರ್. ಇಲ್ಲಿ ಉಳಿತಾಯ ಮಾಡಲು ಹೋದರೆ ಕೆಲವೇ ಗಂಟೆಗಳಲ್ಲಿ ಕ್ಯಾಮ್ ಸವೆದು ಚೂರು ಆಯಿಲ್‌ಗೆ ಬೀಳುತ್ತದೆ. ಕೆಲವು ಕ್ಯಾಮ್‌ಗೆ ಆಯಿಲ್ ಒಳಗಿನ ತೂತಿನಿಂದ, ಕೆಲವಕ್ಕೆ ಮೇಲಿನ ಕೊಳವೆಯಿಂದ. ಒಂದು ಹೆಡ್ಡಿನ ಕ್ಯಾಮ್ ಇನ್ನೊಂದಕ್ಕೆ ಹಾಕುವಾಗ ಆಯಿಲ್ ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಲೇಬೇಕು.

240ಝಡ್‌ನ ಪಾಯಿಂಟ್ ಇಗ್ನಿಷನ್ ತೆಗೆದು 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕುವುದು ಇಡೀ ಕೆಲಸದಲ್ಲೇ ಅತಿ ಸುಲಭದ, ಅತಿ ಲಾಭದ ಬದಲಾವಣೆ. ಆದರೆ ಹಳೆಯ ಟ್ಯಾಕೋಮೀಟರ್ ಕಾಯಿಲ್‌ಗೆ ಹೋಗುವ ಕರೆಂಟನ್ನೇ ನೋಡಿ ಮುಳ್ಳು ತಿರುಗಿಸುತ್ತದೆ. ವೈರ್ ಬದಲಿಸುವಾಗ ಆ ಸುತ್ತನ್ನು ತಪ್ಪಿಸಿದರೆ ಮುಳ್ಳು ಸತ್ತಂತೆ ಬಿದ್ದಿರುತ್ತದೆ. ಎಂಜಿನ್ ಕೆಟ್ಟಿದೆ ಎಂದು ಗಾಬರಿ ಬೇಡ.

ಕ್ಲಚ್ಚಿನ ವಿಷಯದಲ್ಲಿ ಎಲ್ಲರೂ ಒಮ್ಮೆ ಮುಗ್ಗರಿಸುತ್ತಾರೆ. 225 ಮತ್ತು 240 ಮಿ.ಮೀ. ಎರಡು ಅಳತೆಯ ಕ್ಲಚ್ ಬಂದಿವೆ. ಬೇರಿಂಗ್ ಕೂರುವ ಕಾಲರ್‌ಗಳ ಉದ್ದವೂ ಬೇರೆ ಬೇರೆ. ಕಾಲರ್ ಯಾವುದಕ್ಕೆ ಹೊಂದಬೇಕು? ಗೇರ್‌ಬಾಕ್ಸಿಗಲ್ಲ, ಪ್ರೆಷರ್ ಪ್ಲೇಟಿಗೆ. ಹೊಸ ಪ್ಲೇಟ್, ಹಳೆ ಕಾಲರ್ ಹಾಕಿದರೆ ಪೆಡಲ್ ಒತ್ತಿದರೂ ಕ್ಲಚ್ ಬಿಡುವುದಿಲ್ಲ, ಇಲ್ಲವೇ ಹಿಡಿಯುವುದೇ ಇಲ್ಲ. ಆಮೇಲೆ ಗೇರ್‌ಬಾಕ್ಸ್ ಮತ್ತೆ ಇಳಿಸಿ.

ಕೊನೆಗೊಮ್ಮೆ ಸುಳ್ಳು ಜೋಡಣೆ

ಎಲ್ಲ ಭಾಗ ಬಂದ ಮೇಲೆ ಒಂದು ಸಲ ರಿಂಗ್ ಇಲ್ಲದೆ, ಹಳೆ ಗ್ಯಾಸ್ಕೆಟ್ ಹಾಕಿ ಜೋಡಿಸಿ. ಚೇಂಬರನ್ನು ಬ್ಯೂರೆಟ್‌ನಿಂದ ಅಳೆಯಿರಿ: ಹೆಡ್ ತಿರುಗಿಸಿ, ಅಂಚಿಗೆ ಗ್ರೀಸ್ ಸವರಿ, ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಒತ್ತಿ, ಎಷ್ಟು ಸಿಸಿ ಹಿಡಿಯುತ್ತದೆ ನೋಡುವುದು. ಆರನ್ನೂ ಅಳೆಯಿರಿ, ಆರೂ ಒಂದೇ ಇರುವುದಿಲ್ಲ. ಪಿಸ್ಟನ್ ತಲೆಯ ಮೇಲೆ ಜೇಡಿಮಣ್ಣಿನ ಹಾಳೆ ಇಟ್ಟು, ಎರಡು ಸುತ್ತು ಕೈಯಿಂದ ತಿರುಗಿಸಿ, ಹೆಡ್ ತೆಗೆದು ಮಣ್ಣನ್ನು ಬ್ಲೇಡಿನಿಂದ ಸೀಳಿ. ಒಳ ವಾಲ್ವ್ ಒತ್ತಿದ ಕಡೆ ಎರಡು ಮಿ.ಮೀ. ಉಳಿದಿರಬೇಕು, ಹೊರ ವಾಲ್ವ್ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಕ್ಯಾಮ್ ಗೇರಿನಲ್ಲಿ ಮೂರು ತೂತು ಇವೆ, ಒಂದರಿಂದ ಇನ್ನೊಂದಕ್ಕೆ ಕ್ರ್ಯಾಂಕಿನ 4 ಡಿಗ್ರಿ ವ್ಯತ್ಯಾಸ. ಚೈನ್ ಹಳೆಯದಾಗಿ ಕ್ಯಾಮ್ ಹಿಂದೆ ಬಿದ್ದಿದ್ದರೆ ಅಲ್ಲೇ ಸರಿ ಮಾಡಬಹುದು.

ಈ ನಡುವೆ ಹೆಡ್ಡನ್ನು ಎಷ್ಟು ಸಲ ತೆಗೆದು ಹಾಕುತ್ತೀರೋ, ಅಷ್ಟೂ ಸಲ ಚೈನಿನ ಎರಡು ಬದಿಯ ನಡುವೆ ಮರದ ಬೆಣೆ ಇಳಿಸಲು ಮರೆಯಬೇಡಿ. ಬೆಣೆ ಇಲ್ಲದೆ ಕ್ಯಾಮ್ ಗೇರ್ ತೆಗೆದರೆ ಕೆಳಗೆ ಟೆನ್ಷನರ್ ಟಪ್ ಎಂದು ಹೊರಗೆ ಹಾರುತ್ತದೆ. ಅದನ್ನು ಮತ್ತೆ ಒಳಗೆ ಕೂರಿಸಲು ಇಡೀ ಮುಂದಿನ ಕವರ್ ಬಿಚ್ಚಬೇಕು. ಬೆಣೆಗೆ ಒಂದು ಗಟ್ಟಿ ದಾರ ಕಟ್ಟಿ, ಕೆಂಪು ಬಣ್ಣ ಬಳಿಯಿರಿ. ಅದನ್ನು ಒಳಗೇ ಮರೆತು ಕವರ್ ಮುಚ್ಚಿದವರೂ ಇದ್ದಾರೆ.